ಕುಡಿಯೋ ಆರ್‌ಓ ನೀರು ಹವಳದ ಟ್ಯಾಂಕಿಗೆ ಯಾಕೆ ಆಗಲ್ಲ

ಬೆಂಗಳೂರಲ್ಲಿ ಮನೆಮನೆಗೆ ಹೋಗಿ ಮರೈನ್ ಟ್ಯಾಂಕ್, ಅಂದ್ರೆ ಸಮುದ್ರದ ಮೀನು, ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ ನೋಡ್ಕೊಳ್ಳೋದು ನನ್ನ ಕೆಲಸ, ಆದ್ರೆ ಮೀನು, ಹವಳಕ್ಕಿಂತ ಜಾಸ್ತಿ ಹೊತ್ತು ನಾನು ನಲ್ಲಿ ನೀರಿನ ಹಿಂದೆನೇ ಇರ್ತೀನಿ. ಹವಳ ಇರೋ ಟ್ಯಾಂಕಿಗೆ ಎರಡು ಥರ ನೀರು ಬೇಕು, ವಾಟರ್ ಚೇಂಜ್‌ಗೆ ಉಪ್ಪು ಕಲಸಿದ್ದು ಒಂದು, ದಿನಾ ಆವಿಯಾಗಿ ಹೋದಷ್ಟನ್ನ ತುಂಬಿಸೋಕೆ ಸಿಹಿನೀರು ಇನ್ನೊಂದು. ತೊಂದರೆ ಜಾಸ್ತಿ ಬರೋದು ಈ ಸಿಹಿನೀರಿಂದ. ಆವಿಯಾಗೋದು ಬರೀ ನೀರು, ಅದರಲ್ಲಿ ಕರಗಿರೋ ಲವಣ ಎಲ್ಲಾ ಟ್ಯಾಂಕಲ್ಲೇ ಉಳ್ಕೊಳ್ಳುತ್ತೆ. 200 ಲೀಟರ್ ಟ್ಯಾಂಕಿಂದ ದಿನಕ್ಕೆ 3 ಲೀಟರ್ ಆರಿ ಹೋಗುತ್ತೆ, ನೀವು ತುಂಬಿಸೋ ನೀರಿನ ಟಿಡಿಎಸ್, ಅಂದ್ರೆ ಅದರಲ್ಲಿ ಕರಗಿರೋದೆಲ್ಲಾ ಸೇರಿ, ಲೀಟರಿಗೆ 300 ಮಿಲಿಗ್ರಾಂ ಇದೆ ಅಂದ್ಕೊಳ್ಳಿ, ದಿನಕ್ಕೆ 0.9 ಗ್ರಾಂ, ತಿಂಗಳಿಗೆ 27 ಗ್ರಾಂ ಏನೇನೋ ಒಳಗೆ ಸೇರ್ತಾ ಹೋಗುತ್ತೆ, ಅದರಲ್ಲಿ ನೈಟ್ರೇಟ್, ಫಾಸ್ಫೇಟ್, ಸಿಲಿಕಾ ಇದ್ರೆ ಕಲ್ಲಿನ ಮೇಲೆಲ್ಲಾ ಕಂದು ಪದರ, ಕೂದಲು ಪಾಚಿ ಶುರು.

ಇದನ್ನ ಹೇಳಿದ ತಕ್ಷಣ ಹೆಚ್ಚಿನ ಮನೆಗಳಲ್ಲಿ ಬರೋ ಮಾತು ಒಂದೇ. "ನೋಡಪ್ಪಾ, ನಾವು ಕುಡಿಯೋ ಆರ್‌ಓ ನೀರನ್ನೇ ಹಾಕ್ತಿದೀವಿ, ಅದಕ್ಕಿಂತ ಶುದ್ಧ ಇನ್ನೇನಿರುತ್ತೆ?" ಅವರು ಹೇಳೋದು ನ್ಯಾಯವಾಗೇ ಇದೆ, ಆದ್ರೆ ಅಡುಗೆಮನೆ ಮಿಷನ್ ಮಾಡಿರೋದು ಮನುಷ್ಯರಿಗೆ. ಮೆಂಬ್ರೇನ್ (ಉಪ್ಪನ್ನ ತಡೆದು ನೀರನ್ನ ಮಾತ್ರ ಬಿಡೋ ತೆಳು ಪೊರೆ) ಉಪ್ಪೆಲ್ಲಾ ತೆಗೆದ ಮೇಲೆ ನೀರು ಸಪ್ಪೆ ಆಗುತ್ತೆ ಅಂತ ಟಿಡಿಎಸ್ ಕಂಟ್ರೋಲರ್ ಇಟ್ಟು ಮೆಂಬ್ರೇನ್ ದಾಟದೇ ಇರೋ ನೀರನ್ನ ಸ್ವಲ್ಪ ವಾಪಸ್ ಬೆರೆಸ್ತಾರೆ, ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಇರುತ್ತೆ, ಈಗಂತೂ ಸುಮಾರು ಮಾಡೆಲ್‌ಗಳಲ್ಲಿ ತಾಮ್ರ ಸೇರಿಸೋ ಕಾರ್ಟ್ರಿಜ್ ಬೇರೆ. ತಾಮ್ರ ನಮಗೆ ಆ ಪ್ರಮಾಣದಲ್ಲಿ ಏನೂ ಮಾಡಲ್ಲ, ಆದ್ರೆ ಸೀಗಡಿ, ಬಸವನಹುಳು, ಹವಳ ಇವಕ್ಕೆಲ್ಲಾ ಅದು ವಿಷ. ಮೀನಿನ ಮೈಗೆ ಹತ್ತೋ ಪರಾವಲಂಬಿ ಕೊಲ್ಲೋಕೆ ಕ್ವಾರಂಟೈನ್ ಟ್ಯಾಂಕಲ್ಲಿ ತಾಮ್ರದ ಔಷಧಿ ಹಾಕೋದು ಲೀಟರಿಗೆ ಸುಮಾರು 0.2 ಮಿಲಿಗ್ರಾಂ ಲೆಕ್ಕದಲ್ಲಿ, ಅಷ್ಟಕ್ಕೇ ಸೀಗಡಿ ಉಳಿಯಲ್ಲ, ಅದಕ್ಕೇ ಆ ಔಷಧಿನ ಹವಳದ ಟ್ಯಾಂಕಿಗೆ ಯಾರೂ ಹಾಕಲ್ಲ. ಮೇಲಾಗಿ ತಾಮ್ರ ಕಲ್ಲಿಗೆ, ಮರಳಿಗೆ ಹಿಡ್ಕೊಂಡು ಆಮೇಲೆ ನಿಧಾನಕ್ಕೆ ಬಿಡ್ತಾ ಇರುತ್ತೆ. ಹಿತ್ತಾಳೆ ನಲ್ಲಿನೂ ಶುದ್ಧ ನೀರು ಹಾಯೋ ದಾರೀಲಿ ಬೇಡ, ಎಲ್ಲಾ ಪ್ಲಾಸ್ಟಿಕ್ ಫಿಟ್ಟಿಂಗೇ ಹಾಕಿಸಿ.

ಅಪಾರ್ಟ್‌ಮೆಂಟಿನವರು ನಮ್ಮಲ್ಲಿ ಸಾಫ್ಟ್‌ನರ್ ಪ್ಲಾಂಟ್ ಇದೆ ಅಂತಾರೆ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ, ಅಷ್ಟೇ, ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಮೆಂಬ್ರೇನ್ ಮೇಲೆ ಸುಣ್ಣ ಕಟ್ಟದ ಹಾಗೆ ತಡೆಯುತ್ತಲ್ಲ, ಅದೊಂದು ಒಳ್ಳೇದು.

ಹಾಗಾಗಿ ಟ್ಯಾಂಕಿಗೆ ಅಂತಲೇ ಬೇರೆ ಲೈನ್ ಬೇಕು. ಮೊದಲು ಮಣ್ಣು, ಕಸ ಹಿಡಿಯೋ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕಾರ್ಬನ್, ಆಮೇಲೆ ಮೆಂಬ್ರೇನ್, ಕೊನೇಲಿ ಡಿಐ ರೆಸಿನ್, ಅಂದ್ರೆ ಮೆಂಬ್ರೇನ್ ದಾಟಿ ಬಂದ ಅಲ್ಪಸ್ವಲ್ಪ ಲವಣನೂ ಹಿಡ್ಕೊಳ್ಳೋ ಸಣ್ಣ ಮಣಿಗಳು. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅದು ಮೆಂಬ್ರೇನನ್ನೇ ತಿಂದು ಹಾಕುತ್ತೆ, ಕಾರ್ಬನ್ ಮುಂದೆ ಇರಬೇಕಾದ್ದು ಅದಕ್ಕೆ. ಪ್ರೆಶರ್ ಇನ್ನೊಂದು ವಿಷ್ಯ. ಓವರ್‌ಹೆಡ್ ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ರೆ ಸಿಗೋದು 1 ಬಾರ್, ಮೆಂಬ್ರೇನಿಗೆ ಬೇಕಾದ್ದು 4 ಬಾರ್ ಹತ್ರ, ಬೂಸ್ಟರ್ ಪಂಪ್ ಇಲ್ದೇ ಇದ್ರೆ ನೀರೂ ಕಮ್ಮಿ ಬರುತ್ತೆ, ಬಂದ ನೀರಲ್ಲಿ ಉಪ್ಪೂ ಜಾಸ್ತಿ ಇರುತ್ತೆ. ಆನ್ ಮಾಡಿದ ಮೊದಲ ಕೆಲವು ನಿಮಿಷದ ನೀರನ್ನ ರೆಸಿನ್‌ಗೆ ಬಿಡಬೇಡಿ, ಮಿಷನ್ ನಿಂತಾಗ ಮೆಂಬ್ರೇನ್ ಆಚೆಯಿಂದ ಈಚೆಗೆ ಉಪ್ಪು ನುಸುಳಿರುತ್ತೆ.

ಈ ಕೆಲಸದಲ್ಲಿ ನಂಗೆ ಅತೀ ಜಾಸ್ತಿ ಕಲಿಸಿದ್ದು ಊರಾಚೆ ಲೇಔಟಿನ ಒಂದು ಮನೆ, ಪೂರ್ತಿ ಬೋರ್‌ವೆಲ್ ನೀರು. ಮೆಂಬ್ರೇನ್ ಹೊಸದು, ಅದರಿಂದ ಬರೋ ನೀರಿನ ಟಿಡಿಎಸ್ಸೂ ಚೆನ್ನಾಗೇ ಇದೆ, ಆದ್ರೂ ಡಿಐ ರೆಸಿನ್ ಬೇರೆ ಮನೆಗಳಲ್ಲಿ ಬರೋದರ ಅರ್ಧ ಕಾಲನೂ ಬರ್ತಿರಲಿಲ್ಲ. ಮನೆ ಯಜಮಾನ್ರು ರೆಸಿನ್ನೇ ಡೂಪ್ಲಿಕೇಟು ಅಂತಿದ್ರು, ಬೇರೆ ಕಡೆಯಿಂದ ತಂದು ಹಾಕಿದ್ರೂ ಅದೇ ಕಥೆ. ಆಮೇಲೆ ಗೊತ್ತಾಯ್ತು, ಕಾರಣ ನೀರಲ್ಲಿ ಕರಗಿರೋ ಕಾರ್ಬನ್ ಡೈಆಕ್ಸೈಡ್. ಅದು ಗ್ಯಾಸು, ಮೆಂಬ್ರೇನಿಗೆ ಅದನ್ನ ತಡೆಯೋಕೆ ಆಗಲ್ಲ, ಹಾಗೇ ದಾಟ್ಕೊಂಡು ಬರುತ್ತೆ, ಟಿಡಿಎಸ್ ಮೀಟರ್ ಅಳೆಯೋದು ನೀರಿನ ವಿದ್ಯುತ್ ವಾಹಕತೆ, ಅದರಲ್ಲಿ ಇದು ಇದ್ದಷ್ಟಕ್ಕೆ ತಕ್ಕಂತೆ ಕಾಣೋದೇ ಇಲ್ಲ, ಆದ್ರೆ ರೆಸಿನ್‌ನ ಆನಯಾನ್ ಭಾಗಕ್ಕೆ (ಋಣ ವಿದ್ಯುದಂಶದ ಕಣಗಳನ್ನ ಹಿಡಿಯೋ ಮಣಿಗಳು) ಹೋಗಿ ಕೂತು ಅದನ್ನ ಖಾಲಿ ಮಾಡ್ತಿರುತ್ತೆ. ಆ ಮನೇಲಿ ಮಾಡಿದ್ದು ತುಂಬಾ ಸುಲಭದ ಕೆಲಸ. ಮೆಂಬ್ರೇನ್ ನೀರನ್ನ ಮೊದಲು ಡ್ರಮ್ಮಿಗೆ ಬಿಟ್ಟು, ಏರ್ ಪಂಪ್ ಹಾಕಿ ರಾತ್ರಿಯೆಲ್ಲಾ ಗಾಳಿ ಬಿಟ್ಟು, ಬೆಳಿಗ್ಗೆ ಸಣ್ಣ ಪಂಪಲ್ಲಿ ಡಿಐ ಮೂಲಕ ಹಾಯಿಸೋದು. ಗ್ಯಾಸ್ ಗಾಳೀಲೇ ಹೋಯ್ತು, ರೆಸಿನ್ ಬಾಳಿಕೆ ಬಂತು. ನಿಮ್ಮನೆ ಬೋರ್ ನೀರಲ್ಲೂ ಹಿಂಗೇ ಇದೆಯಾ ಅಂತ ನೋಡೋಕೆ, ನಲ್ಲಿಯಿಂದ ಹಿಡಿದ ತಕ್ಷಣ ಪಿಎಚ್ ನೋಡಿ, ಒಂದು ರಾತ್ರಿ ಗಾಳಿ ಬಿಟ್ಟು ಮತ್ತೆ ನೋಡಿ, ಚೆನ್ನಾಗಿ ಏರಿದ್ರೆ ಗ್ಯಾಸ್ ಇತ್ತು ಅಂತಲೇ ಅರ್ಥ.

ಸಿಲಿಕಾನೂ ಮೀಟರಿಗೆ ಹೆಚ್ಚುಕಮ್ಮಿ ಕಾಣಲ್ಲ, ರೆಸಿನ್ ಸೋಲೋಕೆ ಶುರು ಆದಾಗ ಮೊದಲು ನುಸುಳೋರ ಪೈಕಿ ಅದೂ ಒಂದು, ಮೀಟರ್ ಆಗ್ಲೂ ಸೊನ್ನೆ ತೋರಿಸ್ತಿರುತ್ತೆ. ಅದಕ್ಕೆ ನಾನು ಎರಡು ಡಿಐ ಕಾರ್ಟ್ರಿಜ್ ಒಂದರ ಹಿಂದೆ ಒಂದು ಹಾಕ್ತೀನಿ, ಮಧ್ಯದಲ್ಲಿ ಟಿಡಿಎಸ್ 1 ಕಂಡ ದಿನಾನೇ ಮೊದಲನೇದನ್ನ ತೆಗೆದು ಎರಡನೇದನ್ನ ಮುಂದಕ್ಕೆ ತಂದು ಹೊಸದನ್ನ ಹಿಂದಕ್ಕೆ ಹಾಕೋದು.

ವೇಸ್ಟ್ ನೀರಿನ ಬಗ್ಗೆ ನಂಗೆ ನಿಜವಾಗ್ಲೂ ಸಂಕಟ ಇದೆ. 1 ಲೀಟರ್ ಶುದ್ಧ ನೀರಿಗೆ 3-4 ಲೀಟರ್ ಆಚೆ ಹೋಗುತ್ತೆ. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ ಊರಿದು, ಇಲ್ಲಿ ಅಷ್ಟು ನೀರನ್ನ ಚರಂಡಿಗೆ ಬಿಡೋ ಹಾಗೆ ಪೈಪ್ ಹಾಕೋಕೆ ನಂಗೆ ಮನಸ್ಸು ಬರಲ್ಲ. ಆ ಪೈಪಿಗೆ ಇನ್ನೊಂದು ಡ್ರಮ್ ಇಡಿಸ್ತೀನಿ, ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಸಾಕಾಗುತ್ತೆ, ಗಿಡಕ್ಕೆ ಮಾತ್ರ ಬೋರ್‌ವೆಲ್ ಮನೆಗಳಲ್ಲಿ ಬೇಡ ಅಂತೀನಿ, ಮೊದಲೇ ಉಪ್ಪು ಜಾಸ್ತಿ, ಇದರಲ್ಲಿ ಇನ್ನೂ ಗಟ್ಟಿಯಾಗಿರುತ್ತೆ. ಡ್ರಮ್ ಇಡೋಕೆ ಜಾಗ ಇಲ್ಲ ಅಂದ್ರೆ ಹವಳದ ಟ್ಯಾಂಕೇ ಸಣ್ಣದು ಇಡಿ ಅಂತ ಮೊದಲ ದಿನಾನೇ ಹೇಳ್ಬಿಡ್ತೀನಿ.