ಚೀಟಿ ಪುಸ್ತಕದ ಹೆಸರುಗಳು

ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಆಧಾರ್ ಜೆರಾಕ್ಸ್, ಬಾಡಿಗೆ ಕರಾರು, ಮದುವೆ ಕಾರ್ಡು, ಎಲ್ಲಾ ಮಾಡುತ್ತೇನೆ. ಆದರೆ ಅಂಗಡಿ ಶುರುವಾದ ದಿನದಿಂದ ಜಾಸ್ತಿ ಬಂದವರು ಗಾರ್ಮೆಂಟ್ಸ್ ಹೆಂಗಸರು. ಪಿಎಫ್ ಫಾರಂ ತುಂಬಿಸಿಕೊಳ್ಳೋಕೆ. 19ನೇ ನಂಬರ್ ಫಾರಂ, 10ಸಿ ಫಾರಂ. ಎಷ್ಟು ತುಂಬಿದ್ದೇನೋ ಲೆಕ್ಕವಿಲ್ಲ.

ಫಾರಂ ತುಂಬುವಾಗಲೇ ಅವರ ಬದುಕು ಗೊತ್ತಾಗುತ್ತಿತ್ತು. ಕೆಲಸ ಯಾಕೆ ಬಿಟ್ಟಿರಿ ಅಂತ ಬರೆಯಬೇಕು. ಅತ್ತೆಗೆ ಹುಷಾರಿಲ್ಲ, ಊರಿಗೆ ಹೋಗ್ತೀನಿ, ಹೀಗೆ ಏನೋ ಒಂದು ಬರೆಸುತ್ತಿದ್ದರು. ನಿಜವಾದ ಕಾರಣ ಬಾಯಲ್ಲಿ ಹೇಳುತ್ತಿದ್ದರು. ಮಗಳ ಕಾಲೇಜು ಫೀಸು, ತಂಗಿ ಮದುವೆ, ಕೈಸಾಲದ ಬಡ್ಡಿ. ಕೆಲಸ ಬಿಡಬೇಕು, ಎರಡು ತಿಂಗಳು ಕಾಯಬೇಕು, ಪಿಎಫ್ ತೆಗೆದು ಸಾಲ ತೀರಿಸಬೇಕು, ಪಕ್ಕದ ಫ್ಯಾಕ್ಟರಿಯಲ್ಲಿ ಮತ್ತೆ ಹೊಸಬರಾಗಿ ಸೇರಬೇಕು. ಆಗ ಅವರ ಕೈಗೆ ಬರುತ್ತಿದ್ದದ್ದು ಆರೇಳು ಸಾವಿರ. ಬಾಡಿಗೆ, ರೇಷನ್ನು, ಸ್ಕೂಲು ಕಳೆದರೆ ಉಳಿಯುವುದೇನು? ಒಟ್ಟಿಗೆ ಸಿಗುವ ದುಡ್ಡು ಅಂದರೆ ಪಿಎಫ್ ಒಂದೇ.

ಹಾಗೆ ಪರಿಚಯವಾದವರು ಅಕ್ಕ. ಅವರ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಕ್ಕ ಮಳವಳ್ಳಿ ಕಡೆಯವರು. ಕಾಲರ್ ಕೂರಿಸುವ ಟೈಲರ್. ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಮನೆ. ತಿಂಗಳಿಗೆ ಐನೂರರ ಒಂದು ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ. ಒಂದೇ ಫ್ಯಾಕ್ಟರಿಯವರಲ್ಲ, ನಾಲ್ಕು ಫ್ಯಾಕ್ಟರಿಯವರು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರ್, ಯಾವ ಫ್ಯಾಕ್ಟರಿ, ಯಾವ ಲೈನು (ಅಂದರೆ ಹೊಲಿಗೆ ಮಿಷಿನ್ನುಗಳ ಸಾಲು), ಎಲ್ಲಾ ಬರೆದಿಟ್ಟಿದ್ದರು. ಯಾರಾದರೂ ಒಂದು ತಿಂಗಳು ದುಡ್ಡು ಕಟ್ಟದಿದ್ದರೆ ಅಕ್ಕ ಅವರ ಮನೆಗೆ ಹೋಗುತ್ತಿದ್ದರು. ಜಗಳಕ್ಕಲ್ಲ. ಏನಾಗಿದೆ ಅಂತ ಕೇಳೋಕೆ. ಗಂಡ ಕುಡಿದು ಹೊಡೆದಿದ್ದಾನಾ, ಮಗುವಿಗೆ ಜ್ವರವಾ, ಸೂಪರ್‌ವೈಸರ್ ಸಂಬಳ ಹಿಡಿದಿದ್ದಾನಾ. ಆ ನಾಲ್ಕು ಫ್ಯಾಕ್ಟರಿಗಳ ಒಳಗೆ ಏನು ನಡೆಯುತ್ತಿದೆ ಅನ್ನುವುದು ಅಕ್ಕನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

2016ರ ಏಪ್ರಿಲ್, ಒಂದು ಶನಿವಾರ ಸಂಜೆ. ಅಕ್ಕ ಪೇಪರಿನ ಒಂದು ತುಂಡು ಹಿಡಿದುಕೊಂಡು ಬಂದರು.

"ಇದ್ನ ಸರಿಯಾಗಿ ಓದಿ ಹೇಳವ್ವ."

ಪಿಎಫ್ ಹೊಸ ನಿಯಮದ ಸುದ್ದಿ. ಕೇಂದ್ರ ಸರ್ಕಾರ ಫೆಬ್ರವರಿ 10ರಂದೇ ಆದೇಶ ಹೊರಡಿಸಿತ್ತು. ನಮ್ಮ ಸಂಬಳದಿಂದ 12 ಪರ್ಸೆಂಟ್ ಹಿಡಿಯುತ್ತಾರೆ, ಮಾಲೀಕರೂ 12 ಪರ್ಸೆಂಟ್ ಹಾಕುತ್ತಾರೆ. ಮಾಲೀಕರು ಹಾಕಿದ್ದರಲ್ಲಿ 8.33 ಪಿಂಚಣಿಗೆ ಹೋಗುತ್ತದೆ, ಉಳಿದ 3.67 ಪಿಎಫ್ ಖಾತೆಗೆ. ಇಷ್ಟು ದಿನ ಕೆಲಸ ಬಿಟ್ಟ ಮೇಲೆ ಖಾತೆಯ ದುಡ್ಡು ಪೂರ್ತಿ ತೆಗೆಯಬಹುದಿತ್ತು. ಇನ್ನು ಮೇಲೆ ನಮ್ಮ ಪಾಲು ಮಾತ್ರ. ಮಾಲೀಕರ ಪಾಲು ಬೇಕಾದರೆ 58 ವರ್ಷ ಆಗಬೇಕು.

ಅಕ್ಕ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಐವತ್ತೆಂಟಕ್ಕೆ ಗಾರ್ಮೆಂಟ್ಸಲ್ಲಿ ಯಾರಿರ್ತಾರವ್ವ? ನಲವತ್ತಕ್ಕೇ ಕಣ್ಣು ಮಂಜಾಯ್ತದೆ, ಸೂಜಿಗೆ ದಾರ ಹೋಗಕಿಲ್ಲ" ಅಂದರು.

58 ಅನ್ನುವ ಕಡೆ ಗೆರೆ ಎಳೆಸಿಕೊಂಡು ನಲವತ್ತು ಕಾಪಿ ಮಾಡಿಸಿದರು. ಚಿಲ್ಲರೆ ಎಣಿಸಿ ಕೊಟ್ಟರು. ಅವತ್ತು ನಾನು ಆಡಿದ ಮಾತು ಈಗಲೂ ಚುಚ್ಚುತ್ತದೆ. "ಅಕ್ಕ, ಇದು ದೆಲ್ಲಿಯಲ್ಲಿ ಆಗಿರೋದು. ನಾವೇನು ಮಾಡೋಕಾಗುತ್ತೆ?" ಅಂದೆ.

"ಮಾಡೋದು ಆಮೇಲೆ. ಮೊದ್ಲು ಎಲ್ರಿಗೂ ಗೊತ್ತಾಗ್ಲಿ."

ಮಾರನೇ ದಿನ ಭಾನುವಾರ, ಚೀಟಿ ಎತ್ತುವ ದಿನ. ವಠಾರದ ನಲ್ಲಿ ಹತ್ತಿರ ಹೆಂಗಸರು ಸೇರಿದ್ದು ನಾನೂ ನೋಡಿದೆ. ಚೀಟಿ ಮುಗಿದ ಮೇಲೂ ಯಾರೂ ಏಳಲಿಲ್ಲ.

ಏಪ್ರಿಲ್ 18, ಸೋಮವಾರ. ಹೊಸೂರು ರಸ್ತೆ ಕಡೆಯಿಂದ ಒಂದು ಸದ್ದು ಬರೋಕೆ ಶುರುವಾಯಿತು. ಮೊದಲು ಜಾತ್ರೆ ಇರಬೇಕು ಅಂದುಕೊಂಡೆ. ಹೊರಗೆ ಬಂದು ನೋಡಿದರೆ ರಸ್ತೆ ತುಂಬ ಹೆಂಗಸರು. ಕೊರಳಲ್ಲಿ ಐಡಿ ಕಾರ್ಡು, ಕೆಲವರ ಭುಜದ ಮೇಲೆ ಇನ್ನೂ ಅಳತೆ ಟೇಪು. ಸಾವಿರಾರು ಜನ. ಸಿಲ್ಕ್ ಬೋರ್ಡ್ ಕಡೆಗೂ ಇಲ್ಲ, ಎಲೆಕ್ಟ್ರಾನಿಕ್ ಸಿಟಿ ಕಡೆಗೂ ಇಲ್ಲ, ಒಂದು ಗಾಡಿಯೂ ಅಲ್ಲಾಡಲಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಬಸ್ಸುಗಳೂ ಅದರಲ್ಲಿ ಸಿಕ್ಕಿಕೊಂಡಿದ್ದವು. ಒಳಗೆ ಕೂತವರು ಬೇಜಾರಿನ ಮುಖ ಮಾಡಿಕೊಂಡು ಕೆಳಗೆ ನೋಡುತ್ತಿದ್ದರು. ಆ ನಿಯಮ ಅವರ ಪಿಎಫ್‌ಗೂ ಅನ್ವಯ ಆಗುತ್ತಿತ್ತು. ಅವರ ದುಡ್ಡಿಗಾಗಿಯೂ ಈ ಹೆಂಗಸರು ಬಿಸಿಲಲ್ಲಿ ಕೂತಿದ್ದರು.

ಮಂಗಳವಾರ ಇನ್ನೂ ದೊಡ್ಡದಾಯಿತು. ತುಮಕೂರು ರಸ್ತೆ, ಮೈಸೂರು ರಸ್ತೆ ಕಡೆಯ ಫ್ಯಾಕ್ಟರಿಗಳೂ ಖಾಲಿಯಾದವು. ಅವತ್ತು ಕಲ್ಲು ಬಿತ್ತು, ಲಾಠಿ ಬಿತ್ತು, ಅಶ್ರುವಾಯು ಬಿತ್ತು. ಬಸ್ಸು ಸುಟ್ಟರು. ಹೆಬ್ಬಗೋಡಿ ಪೊಲೀಸ್ ಠಾಣೆ ಹತ್ತಿರ ಗಾಡಿಗಳು ಹೊತ್ತಿ ಉರಿದವು. ನಾನು ಶಟರ್ ಅರ್ಧ ಎಳೆದು ಏಳೆಂಟು ಹೆಂಗಸರನ್ನು ಒಳಗೆ ಕೂರಿಸಿಕೊಂಡಿದ್ದೆ. ಒಬ್ಬಳಿಗೆ ಹಣೆ ಒಡೆದಿತ್ತು. ಬಸುರಿ ಒಬ್ಬಳು ಪ್ರಿಂಟರ್ ಪಕ್ಕದ ಸ್ಟೂಲಿನ ಮೇಲೆ ಕೂತು ನಡುಗುತ್ತಿದ್ದಳು.

ಸರ್ಕಾರ ಮೊದಲು ಜುಲೈ 31ರವರೆಗೆ ಮುಂದೂಡುತ್ತೇವೆ ಅಂದಿತು. ಆ ಮಂಗಳವಾರವೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶವನ್ನೇ ವಾಪಸ್ ತೆಗೆದುಕೊಂಡಿದ್ದೇವೆ ಅಂತ ಹೇಳಿದರು. ಎರಡು ದಿನ. ಎರಡೇ ದಿನದಲ್ಲಿ ಬೆಂಗಳೂರಿನ ಹೊಲಿಗೆ ಹೆಂಗಸರು ಇಡೀ ದೇಶದ ಪಿಎಫ್ ನಿಯಮವನ್ನು ಹಿಂದಕ್ಕೆ ತಿರುಗಿಸಿದ್ದರು.

ನಾನು ಹೇಳಬೇಕು ಅಂತ ಕೂತದ್ದು ಇದಾದ ಮೇಲಿನ ಒಂದು ದಿನದ ಕತೆ.

ಏಪ್ರಿಲ್ ಕೊನೆಯಲ್ಲಿ ಒಂದು ವೇದಿಕೆಯವರು ಫ್ಲೆಕ್ಸ್ ಮಾಡಿಸೋಕೆ ಬಂದರು. ಮೇ 1ಕ್ಕೆ ಕಾರ್ಮಿಕ ದಿನಾಚರಣೆ ಮತ್ತು ಸನ್ಮಾನ. "ಐತಿಹಾಸಿಕ ಪಿಎಫ್ ಹೋರಾಟದ ರೂವಾರಿಗಳು" ಅಂತ ಮೇಲೆ ದೊಡ್ಡದಾಗಿ ಬರಬೇಕು. ಕೆಳಗೆ ಹನ್ನೊಂದು ಫೋಟೊ. ಹನ್ನೊಂದೂ ಗಂಡಸರು. ಒಂದೆರಡು ಮುಖ ಬಿಟ್ಟರೆ ಉಳಿದವರನ್ನು ನಾನು ಆ ಎರಡು ದಿನ ರಸ್ತೆಯಲ್ಲಿ ಕಂಡಿರಲಿಲ್ಲ. ಆದರೂ ನಾನೇ ಟೈಪ್ ಮಾಡಿದೆ. ಆ "ರೂವಾರಿಗಳು" ಅನ್ನುವ ಪದಕ್ಕೆ ಹಳದಿ ಬಣ್ಣ ಕೊಟ್ಟವಳೂ ನಾನೇ.

ಶನಿವಾರ ರಾತ್ರಿ ಫ್ಲೆಕ್ಸ್ ಪ್ರಿಂಟಾಗಿ ಬಂದು ಅಂಗಡಿಯಲ್ಲಿ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ಅಕ್ಕ ರೇಷನ್ ಕಾರ್ಡ್ ಜೆರಾಕ್ಸಿಗೆ ಬಂದವರು ಅದನ್ನು ನೋಡಿದರು. ಒಂದೊಂದೇ ಮುಖ ನೋಡಿದರು.

"ಇವ್ರೆಲ್ಲಾ ಯಾರವ್ವ?"

ನನಗೆ ಉತ್ತರ ಹೊಳೆಯಲಿಲ್ಲ. "ಅಕ್ಕ, ಇನ್ನೂ ಟೈಮ್ ಇದೆ. ನಿಮ್ಮ ಫೋಟೊ ಹಾಕಿಸ್ಲಾ? ನಾನು ಮಾತಾಡ್ತೀನಿ" ಅಂದೆ.

ಅಕ್ಕ ಗಾಬರಿಯಾದರು. "ಬ್ಯಾಡ ಕಣವ್ವ! ಮೊದ್ಲು ಎದ್ದೋರು ಯಾರು ಅಂತ ಕ್ಯಾಮೆರಾದಲ್ಲಿ ಹುಡುಕ್ತಾವ್ರೆ. ಪೊಲೀಸರೂ ಕೇಳ್ತಾವ್ರೆ. ನನ್ ಮುಖ ಅಲ್ಲಿ ಬಂದ್ರೆ ಸೋಮವಾರ ಗೇಟ್ ಹೊರಗೆ."

ಭಾನುವಾರ ಕಾರ್ಯಕ್ರಮಕ್ಕೆ ಹೋದೆ, ಫ್ಲೆಕ್ಸಿನ ಬಾಕಿ ದುಡ್ಡು ಬರಬೇಕಿತ್ತು. ಶಾಮಿಯಾನ ತುಂಬ ಹೆಂಗಸರು. ವೇದಿಕೆ ಮೇಲೆ ಒಬ್ಬರೇ ಒಬ್ಬ ಹೆಂಗಸು, ಪ್ರಾರ್ಥನೆ ಹಾಡಿ ಕೆಳಗಿಳಿದರು. ಶಾಲು, ಹಾರ, ಪೇಟ ಎಲ್ಲಾ ಆಯಿತು. ಭಾಷಣ ಮಾಡಿದವರೊಬ್ಬರು ಮನಸಾರೆ ಹೊಗಳಿದರು. ಯಾವ ನಾಯಕರೂ ಇಲ್ಲದೆ, ಯಾವ ಸಂಘಟನೆಯೂ ಇಲ್ಲದೆ, ನಮ್ಮ ಮುಗ್ಧ ಹೆಣ್ಣುಮಕ್ಕಳು ತಾವಾಗಿಯೇ ರಸ್ತೆಗೆ ಬಂದರು ಅಂದರು. ಚಪ್ಪಾಳೆ ಬಿತ್ತು. ನಾನು ಅಕ್ಕನ ಕಡೆ ನೋಡಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದರು, ಚಪ್ಪಾಳೆ ತಟ್ಟುತ್ತಿರಲಿಲ್ಲ.

ಆ ಮಾತನ್ನು ಆಗ ಎಲ್ಲರೂ ಹೇಳುತ್ತಿದ್ದರು. ಪೇಪರಿನಲ್ಲೂ, ಟಿವಿಯಲ್ಲೂ. ನಾಯಕರಿಲ್ಲದ ಹೋರಾಟ, ದಿಢೀರ್ ಸಿಟ್ಟು. ಯಾವ ಸಂಘವೂ ಈ ಬಂದ್‌ಗೆ ಕರೆ ಕೊಟ್ಟಿರಲಿಲ್ಲ, ಅದು ನಿಜ. ಗಾರ್ಮೆಂಟ್ಸ್ ಹೆಂಗಸರಿಗಾಗಿ ವರ್ಷಗಟ್ಟಲೆ ದುಡಿದ ಸಂಘಗಳಿವೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಕರೆ ಕೊಟ್ಟವರಿಲ್ಲ ಅಂದರೆ ಸಂಘಟನೆ ಮಾಡಿದವರೇ ಇಲ್ಲ ಅಂತಲ್ಲ ಅಲ್ವಾ? ನಲವತ್ತು ಕಾಪಿ ನನ್ನ ಮಿಷಿನ್ನಿನಿಂದಲೇ ಹೋಗಿತ್ತು. ಹೆಂಗಸರು "ನಮಗೆ ಯಾರೂ ಲೀಡರ್ ಇಲ್ಲ" ಅಂದದ್ದು ಒಬ್ಬರನ್ನೊಬ್ಬರು ಕಾಪಾಡೋಕೆ. ಅದನ್ನು ಕೇಳಿದವರು ಕುರ್ಚಿ ಖಾಲಿ ಇದೆ ಅಂದುಕೊಂಡು ಬಂದು ಕೂತರು.

ಅವತ್ತು ರಾತ್ರಿ ಒಂಬತ್ತರ ಹೊತ್ತಿಗೆ ಅಕ್ಕ ಅಂಗಡಿಗೆ ಬಂದರು. ಕೈಯಲ್ಲಿ ಚೀಟಿ ಪುಸ್ತಕ.

"ನಾನು ಹೇಳ್ತೀನಿ, ನೀನು ಟೈಪ್ ಮಾಡು. ಒಂದೇ ಕಾಪಿ ಕೊಡು. ಕಂಪ್ಯೂಟರಲ್ಲಿ ಇಟ್ಕಬ್ಯಾಡ."

ಎರಡು ಗಂಟೆ ಹೇಳಿದರು. ನಾನು ಶಟರ್ ಎಳೆದು ಟೈಪ್ ಮಾಡಿದೆ.

ಭಾನುವಾರ ಚೀಟಿಗೆ ಬಂದ ಇಪ್ಪತ್ತು ಜನರಲ್ಲಿ ಯಾರ್‍ಯಾರು ಎಷ್ಟೆಷ್ಟು ಕಾಪಿ ತೆಗೆದುಕೊಂಡರು. ಯಾರಿಗೆ ಓದೋಕೆ ಬರುತ್ತಿರಲಿಲ್ಲ, ಅವರಿಗೆ ಯಾರು ಓದಿ ಹೇಳಿದರು. ತೆಲುಗು ಹುಡುಗಿಯರಿಗೆ ತೆಲುಗಿನಲ್ಲಿ ಹೇಳಿದವರು ಯಾರು. ಫ್ಯಾಕ್ಟರಿ ವ್ಯಾನಿನಲ್ಲಿ ಮಾತು ತೆಗೆದವರು ಯಾರು. ಲೈನಿನಲ್ಲಿ ಮಾತಾಡುವ ಹಾಗಿಲ್ಲ, ಮಾತಾಡಿದರೆ ಸೂಪರ್‌ವೈಸರ್ ಬೈಯುತ್ತಾನೆ. ಹಾಗಾಗಿ ಕತ್ತರಿಸಿದ ಬಟ್ಟೆಯ ಬಂಡಲ್ ಒಳಗೆ ಜೆರಾಕ್ಸ್ ಮಡಚಿಟ್ಟರು. ಬಂಡಲ್ ಒಂದು ಮಿಷಿನ್ನಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಲರಿನವಳು ಓದಿದಳು, ತೋಳಿನವಳು ಓದಿದಳು, ಗುಂಡಿಯವಳು ಓದಿದಳು, ಚೆಕ್ಕಿಂಗ್‌ವರೆಗೂ ಹೋಯಿತು. ಬಾತ್‌ರೂಮಿನಲ್ಲಿ ನಿಂತು ಬಂದವರಿಗೆಲ್ಲ ಹೇಳಿದವಳು ಹತ್ತೊಂಬತ್ತು ವರ್ಷದ ಹೆಲ್ಪರ್ ಹುಡುಗಿ. ಮಿಷಿನ್ ಆಫ್ ಮಾಡಿ ಮೊದಲು ಎದ್ದು ನಿಂತವಳು ಗಂಡ ಬಿಟ್ಟು ಹೋದ, ಎರಡು ಮಕ್ಕಳಿರುವ ಟೈಲರ್. ಅವಳು ಒಬ್ಬಳೇ ನಿಲ್ಲಬಾರದು ಅಂತ ಅಕ್ಕಪಕ್ಕದ ಮೂವರು ಜೊತೆಗೇ ಏಳಬೇಕು ಅಂತ ಮೊದಲೇ ಮಾತಾಗಿತ್ತು. ಪಕ್ಕದ ಫ್ಯಾಕ್ಟರಿಗೆ ಫೋನ್ ಮಾಡಿದವರು ಯಾರು, ಆ ಗೇಟಿನ ಸೆಕ್ಯುರಿಟಿ ಹತ್ತಿರ ಮಾತಾಡಿ ಗೇಟ್ ತೆಗೆಸಿದವರು ಯಾರು.

ಇಪ್ಪತ್ಮೂರು ಹೆಸರಾದವು. ಅಕ್ಕನ ಹೆಸರು ಅದರಲ್ಲಿ ಬಂದಿರಲಿಲ್ಲ. ಕೇಳಿದೆ. "ಕಾಪಿ ತಂದ್ಕೊಟ್ಟೋಳು ಅಂತ ಹಾಕು" ಅಂದರು.

ಒಂದು ಕಾಪಿ ತೆಗೆದೆ. ಫೈಲ್ ಅಳಿಸಿದೆ. ಅಕ್ಕ ಎರಡು ಸಲ ಓದಿಸಿಕೊಂಡು ಮಡಚಿ ಬ್ಲೌಸಿನಲ್ಲಿ ಇಟ್ಟುಕೊಂಡರು. ಯಾರಿಗೆ ತೋರಿಸೋಕೆ ಅಂತ ಕೇಳಿದೆ. "ಯಾರ್ಗೂ ಇಲ್ಲ. ಬರೆದಿರ್ಬೇಕು ಅಷ್ಟೇ. ತಾನಾಗೇ ಆಯ್ತು ಅಂದ್ರಲ್ಲ ಅವ್ರು" ಅಂದರು. ಅವರ ಗಂಟಲು ಕಟ್ಟಿತ್ತು.

ಆ ರಾತ್ರಿಯಿಂದ ನಾನು ಸುದ್ದಿ ಓದುವ ರೀತಿ ಬದಲಾಯಿತು. 2017ರ ಮಾರ್ಚಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಫ್ರೀಡಂ ಪಾರ್ಕ್ ಹತ್ತಿರ ರಸ್ತೆಯಲ್ಲೇ ರಾತ್ರಿಗಳನ್ನು ಕಳೆದಾಗ ಎಲ್ಲರೂ ಟ್ರಾಫಿಕ್ ಬಗ್ಗೆ ಮಾತಾಡಿದರು. ಸಾವಿರಾರು ಹೆಂಗಸರು ದೂರದ ಊರುಗಳಿಂದ ಮಕ್ಕಳನ್ನು ಯಾರದೋ ಹತ್ತಿರ ಬಿಟ್ಟು ಬಂದಿದ್ದರು. ಒಂದೊಂದು ಹಳ್ಳಿಯಲ್ಲಿ ಒಬ್ಬೊಬ್ಬರು ಹೋಗಿ ಮಾತಾಡದೆ ಅದು ಆಗುತ್ತದಾ? 2022ರ ಜುಲೈನಲ್ಲಿ ಪೌರಕಾರ್ಮಿಕರು ಕಸ ಗುಡಿಸುವುದು ನಿಲ್ಲಿಸಿ ಕಾಯಂ ಮಾಡಿ ಅಂತ ಕೂತಾಗಲೂ ನನಗೆ ಅದೇ ಯೋಚನೆ. ಬೆಳಗಿನ ಜಾವ ಹಾಜರಿ ಹಾಕುವ ಜಾಗದಲ್ಲಿ, ಪೊರಕೆ ಹಿಡಿದುಕೊಂಡು, ಯಾರೋ ಒಬ್ಬ ಅಕ್ಕ ಪಕ್ಕದವಳಿಗೆ ಹೇಳಿರುತ್ತಾಳೆ. ಅವಳು ಮಾಡಿದ್ದೂ ರಾಜಕೀಯವೇ. ಚುನಾವಣೆ ಹೊತ್ತಿಗೆ ಮನೆಮನೆಗೆ ಹೋಗುವ ಗಂಡಸರಿಗೆ ಕಾರ್ಯಕರ್ತ, ಮುಖಂಡ ಅನ್ನುತ್ತೇವೆ. ಅದೇ ಕೆಲಸ ವರ್ಷಪೂರ್ತಿ ಮಾಡುವ ಇವಳಿಗೆ ಒಂದು ಪದವನ್ನೂ ಇಟ್ಟಿಲ್ಲ.

2023ರಲ್ಲಿ ಅಕ್ಕ ಗಾರ್ಮೆಂಟ್ಸ್ ಬಿಟ್ಟರು. ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಪಿಎಫ್ ತೆಗೆಸೋಕೆ ಬಂದರು. ಈಗ ಎಲ್ಲಾ ಆನ್‌ಲೈನ್. ಪಿಎಫ್‌ನ ಯುಎಎನ್ ನಂಬರ್ ಹಾಕಿ, ಓಟಿಪಿಗೆ ಕಾಯುತ್ತಾ ಕೂತಿದ್ದೆವು. ಬ್ಯಾಂಕ್ ಪಾಸ್‌ಬುಕ್ ಕೇಳಿದೆ. ಅಕ್ಕ ಪ್ಲಾಸ್ಟಿಕ್ ಕವರ್ ಬಿಚ್ಚಿ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಒಂದೊಂದೇ ಮೇಜಿನ ಮೇಲಿಟ್ಟರು. ಕೊನೆಗೆ ಆ ಹಾಳೆ ಬಂತು. ಮಡಿಕೆ ಇದ್ದ ಕಡೆಯೆಲ್ಲ ಹರಿದು ಸೆಲೋಟೇಪ್ ಹಚ್ಚಿದ್ದರು.

"ಇನ್ನು ಬರಿ ನೀನು ಬೇಕಾದ್ರೆ. ನಂಗೇನೂ ಆಗಕಿಲ್ಲ ಈಗ. ಹೆಸ್ರು ಮಾತ್ರ ಬ್ಯಾಡ, ಇದ್ರಲ್ಲಿ ಅರ್ಧ ಜನ ಇನ್ನೂ ಲೈನಲ್ಲವ್ರೆ" ಅಂದರು.

ಆಮೇಲೆ ಹಾಳೆ ಬಿಡಿಸಿ ಬೆರಳಿಟ್ಟು ನೋಡುತ್ತಾ ಹೋದರು. ಕೆಳಗಿನವರೆಗೂ ಹೋಗಿ ನಿಂತರು.

"ಪೆನ್ನು ಕೊಡವ್ವ. ಅವತ್ತು ಒಬ್ಳು ಬಿಟ್ಟೋಗಿದ್ಲು. ಹೊಗೆ ಬಿಟ್ಟಾಗ ಸೆರಗು ಒದ್ದೆ ಮಾಡಿ ಎಲ್ರ ಮುಖಕ್ಕೂ ಒತ್ತಿದ್ಲು, ಆ ಫಿನಿಶಿಂಗ್ ಹುಡುಗಿ."

ಪೆನ್ನು ಕೊಟ್ಟೆ. ಮಂಜಾದ ಕಣ್ಣಿಗೆ ಹಾಳೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಇಪ್ಪತ್ನಾಲ್ಕನೇ ಹೆಸರು ಅಕ್ಕನೇ ಬರೆದರು.