ಬೀಗ ಇದ್ದ ಹಾಗೇ ಇರುತ್ತದೆ

ಕಾಸರಗೋಡಿನ ಬ್ಯಾಗ್ ಅಂಗಡಿಯಲ್ಲಿ ಇವತ್ತು ಸಂಜೆ ನಂಬರ್ ಲಾಕಿಗೆ ಚೌಕಾಸಿ. ದುಬೈಗೆ ಹೊರಟ ಹುಡುಗ.

ಲಾಕ್ ಬಿಡಿ ಮಾರಾಯ್ರೆ, ಜಿಪ್ ನೋಡಿ.

ಪ್ಲಾಸ್ಟಿಕ್ ಸುರುಳಿಯ ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ ಮೊನೆ ಒತ್ತಿದರೆ ಬಾಯಿ ಬಿಡುತ್ತದೆ. ಬೇಕಾದ್ದು ತೆಗೆದು, ಬೀಗ ಹಾಕಿದ ಎರಡೂ ರನ್ನರನ್ನು ಜೋಡಿಯಾಗಿ ಆಚೆ ಈಚೆ ಎಳೆದರೆ ಮತ್ತೆ ಕೂಡಿಕೊಳ್ಳುತ್ತದೆ. ಗೊತ್ತಾಗುವುದು ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ.

ಹಾಗಾಗಿ ರನ್ನರ್ ಓಡಾಡಬಾರದು. ಬೀಗವನ್ನು ಪಕ್ಕದ ಹಿಡಿಗೆ ಸೇರಿಸಿ ಬಿಗಿಯಿರಿ. ಬಣ್ಣದ ಕೇಬಲ್ ಟೈ ಆದರೂ ಆದೀತು. ಪೆನ್ನು ಆಗಲೂ ತೆರೆಯುತ್ತದೆ, ಆದರೆ ಮುಚ್ಚಲು ಬರುವುದಿಲ್ಲ. ಕಳ್ಳನಿಗೆ ಬೇಡದ್ದು ಅದೇ. ಜಿಪ್ಪೇ ಇಲ್ಲದ, ಕೊಂಡಿ ಹಾಕುವ ಗಟ್ಟಿ ಪೆಟ್ಟಿಗೆ ಇನ್ನೂ ವಾಸಿ.

ಚಿನ್ನ, ಫೋನು ಕೈಚೀಲಕ್ಕೆ. ಪವರ್ ಬ್ಯಾಂಕ್ ಹೇಗೂ ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ.

ಕೌಂಟರಿನಲ್ಲಿ ತೂಕದ ಫೋಟೋ ತೆಗೀರಿ. ಮಂಗಳೂರಲ್ಲೋ ಕಣ್ಣೂರಲ್ಲೋ ಇಳಿದ ಮೇಲೆ ಬೆಲ್ಟ್ ಪಕ್ಕದಲ್ಲೇ ಜಿಪ್ ತಡವಿ ನೋಡಿ. ಅನುಮಾನ ಬಂದರೆ ಅಲ್ಲೇ ತೂಗಿಸಿ, ವಿಮಾನ ಕಂಪನಿಯವರ ಹತ್ತಿರ ಪಿಐಆರ್ (ಸಾಮಾನಿನ ತೊಂದರೆಯ ವರದಿ) ಬರೆಸಿ. ಹೊರಗೆ ಕಾಲಿಟ್ಟರೆ ವಾದ ಕಷ್ಟ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದಲ್ಲಿ ಪೆಟ್ಟಿಗೆಗೆ ಹಾನಿಯಾದರೆ ಲಿಖಿತ ದೂರಿಗೆ 7 ದಿನ ಗಡುವು.

ಹುಡುಗ ಲಾಕ್ ಕೊಂಡ. ಜೊತೆಗೆ ಒಂದು ಕಟ್ಟು ಕೇಬಲ್ ಟೈ, ಹಳದಿ.