ಒಂದೇ ಬಾವಿಯ ಗಣಿ
16 ಜನವರಿ 2024, ಮಂಗಳವಾರ ರಾತ್ರಿ

ಸಂಕ್ರಾಂತಿ ಮುಗೀತು, ಎಳ್ಳು ಬೆಲ್ಲ ಇನ್ನೂ ಮುಗಿದಿಲ್ಲ. ಅದನ್ನೇ ಬಾಯಿಗೆ ಹಾಕ್ಕೊಳ್ತಾ ನ್ಯೂ ಹಾರ್ಟ್ಲಿ ಗಣಿ ದುರಂತದ ಬಗ್ಗೆ ಓದ್ತಾ ಕೂತಿದ್ದೆ, 1862ರಲ್ಲಿ ಇವತ್ತಿನ ತಾರೀಖಿಗೇ ಆಗಿದ್ದು ಅದು.

ಇಂಗ್ಲೆಂಡಿನ ನಾರ್ಥಂಬರ್ಲೆಂಡಲ್ಲಿ ಸಮುದ್ರದ ಪಕ್ಕದ ಕಲ್ಲಿದ್ದಲು ಗಣಿ. ನೀರಿನ ಕಾಟ ಜಾಸ್ತಿ, ಅದಕ್ಕೆ ಸ್ಟೀಮ್ ಎಂಜಿನ್ ಪಂಪು ಓಡ್ತಾನೇ ಇರ್ಬೇಕು, ಅದರ ಎರಕದ ಕಬ್ಬಿಣದ ತೊಲೆ 40 ಟನ್ ಮೇಲಿತ್ತಂತೆ, ಅದರ ಒಂದು ತುದಿ ಸೀದಾ ಗಣಿಗಿಳಿಯೋ ಬಾವಿಯ ಬಾಯಿ ಮೇಲೆ ಏಳೋದು ಇಳಿಯೋದು. ಜನ ಇಳಿಯೋಕೆ, ಕಲ್ಲಿದ್ದಲು ಎತ್ತೋಕೆ, ನೀರು ಎತ್ತೋಕೆ, ಗಾಳಿಗೆ, ಎಲ್ಲಕ್ಕೂ ಸುಮಾರು 12 ಅಡಿ ಅಗಲದ ಅದೊಂದೇ ಬಾವಿ. ನಡುವೆ ಹಲಗೆ ಗೋಡೆ ಹೊಡೆದು ಎರಡು ಮಾಡಿದ್ರು, ಒಂದು ಕಡೆ ತಣ್ಣನೆ ಗಾಳಿ ಇಳಿಯುತ್ತೆ, ಕೆಳಗೆ ಉರಿಸಿಟ್ಟ ಬೆಂಕಿಗೆ ಬಿಸಿಯಾಗಿ ಇನ್ನೊಂದು ಕಡೆಯಿಂದ ಮೇಲೆ ಹೋಗುತ್ತೆ. ಗಣಿಯೊಳಗೆ ಗಾಳಿ ಆಡಿಸೋಕೆ ಬೆಂಕಿ! ಆಗ ಅದೇ ಮಾಮೂಲಿ.

ಆ ಸೀಮೆಯವರ ಭಯವೆಲ್ಲಾ ಗಣಿಯ ಗ್ಯಾಸ್ ಹೊತ್ಕೊಂಡು ಸ್ಫೋಟ ಆಗೋದರ ಬಗ್ಗೆ. 1812ರಲ್ಲಿ ಫೆಲಿಂಗ್ ಗಣಿ ಸ್ಫೋಟದಲ್ಲಿ 92 ಜನ ಹೋದ್ರು, 1815ರಲ್ಲಿ ಡೇವಿ ದೀಪ ಬಂತು, ಹೊರಗಿನ ಗ್ಯಾಸಿಗೆ ಬೆಂಕಿ ಹತ್ತದ ಹಾಗೆ ಜ್ವಾಲೆ ಸುತ್ತ ತಂತಿ ಬಲೆ, ಗ್ಯಾಸ್ ಇದ್ರೆ ಜ್ವಾಲೆ ಮೇಲೆ ನೀಲಿ ಟೋಪಿ ಥರ ಕಾಣುತ್ತೆ. ಆದ್ರೆ ಇಲ್ಲಿ ಯಮ ಬಂದಿದ್ದು ನೆತ್ತಿ ಮೇಲಿಂದ.

ಬೆಳಿಗ್ಗೆ ಹತ್ತೂವರೆ, ಪಾಳಿ ಬದಲಾಗೋ ಹೊತ್ತು, ಬಂದವರೂ ಒಳಗೆ, ಹೊರಡೋರಲ್ಲೂ ತುಂಬಾ ಜನ ಇನ್ನೂ ಒಳಗೇ. ತೊಲೆ ಮಧ್ಯಕ್ಕೆ ಮುರಿದು ಅರ್ಧ ಭಾಗ ಬಾವಿಯೊಳಗೆ ಬಿತ್ತು, ಹಲಗೆ ಗೋಡೆ, ಪಕ್ಕದ ಕಲ್ಲು ಎಲ್ಲಾ ಕಿತ್ಕೊಂಡು ಹೋಗಿ ದಾರಿ ಮುಚ್ಚಿತು. ಜನರನ್ನ ಎತ್ತಿ ಇಳಿಸೋ ತೊಟ್ಟಿಲಲ್ಲಿ ಮೇಲೆ ಬರ್ತಿದ್ದ 8 ಜನರಲ್ಲಿ 3 ಜನ ಉಳಿದ್ರು. ಕೆಳಗಿದ್ದ 199 ಜನರ ಹತ್ರ ತಲುಪೋಕೆ ಆರು ದಿನ ಹಿಡೀತು, ಅಷ್ಟರಲ್ಲಿ ಗಾಳಿ ಆಡದೆ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಎಲ್ಲರನ್ನೂ ಮುಗಿಸಿತ್ತು, ಸಾಲಾಗಿ ಕೂತಲ್ಲೇ, ಅಪ್ಪ ಮಕ್ಕಳು ಒಬ್ಬರಿಗೊಬ್ಬರು ಒರಗಿಕೊಂಡು.

ಒಬ್ಬ ಮೇಲ್ವಿಚಾರಕನ ಹತ್ರ ನೋಟ್‌ಬುಕ್ ಸಿಕ್ಕಿತಂತೆ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ ಮಾಡಿದ್ದು, ಎರಡೂವರೆಗೆ ಯಾರ್ಯಾರಿಗೆ ತೀರಾ ಹುಷಾರು ತಪ್ಪಿತು ಅಂತ ಹೆಸರು ಸಮೇತ ಇದೆ. ತೊಲೆ ಬಿದ್ದಿದ್ದು ಗುರುವಾರ ಬೆಳಿಗ್ಗೆ! ಒಂದು ದಿನ ಕಳೆದ ಮೇಲೂ ಗಡಿಯಾರ ನೋಡಿ ಬರೆದಿದಾನೆ ಪುಣ್ಯಾತ್ಮ. ನಂಗೆ ಅಲ್ಲಿಂದ ಮುಂದಕ್ಕೆ ಓದೋಕೆ ಆಗ್ಲಿಲ್ಲ ಸ್ವಲ್ಪ ಹೊತ್ತು.

ಎರಡನೇ ಬಾವಿ ಯಾಕಿರ್ಲಿಲ್ಲ ಅಂದ್ರೆ ದುಡ್ಡು, ಇನ್ನೇನು. (ನಮ್ಮ ಆಫೀಸಲ್ಲೂ ಎರಡನೇ ದಾರಿ ಅಂದ್ರೆ ಹಿಂದಿನ ಮೆಟ್ಟಿಲು, ಅದರ ತುಂಬಾ ನೀರಿನ ಕ್ಯಾನು.) ಅದೇ 1862ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಕಾನೂನು ಮಾಡ್ತು, ಪ್ರತಿ ಗಣಿಗೂ ಎರಡು ದಾರಿ ಇರ್ಬೇಕು, ನಡುವೆ ಕನಿಷ್ಠ 10 ಅಡಿ ಅಂತರ ಇರ್ಬೇಕು ಅಂತ. ಹಳೇ ಗಣಿಗಳಿಗೆ ಮಾತ್ರ 1864ರ ಕೊನೆವರೆಗೆ ಟೈಮ್ ಕೊಟ್ರು, 204 ಜನ ಸತ್ತ ಮೇಲೂ ಮಾಲೀಕರಿಗೆ ಎರಡು ವರ್ಷದ ವಾಯಿದೆ, ಕೆಲಸದವರು ಅದೇ ಒಂಟಿ ಬಾವಿಗಳಲ್ಲಿ ಇಳೀತಾನೇ ಇದ್ರು.